ಪದಚರ್ಚೆ: ಹೀಬ್ರೂವಿನ ‘ಆಸೋನ್’ಗೆ ‘ಹೆಚ್ಚುಕಮ್ಮಿ’ ಸರಿಹೋದೀತೆ?

ಎಲ್ಲರಿಗೂ ನಮಸ್ಕಾರ.

ಬೈಬಲ್ಲಿನ ಹೀಬ್ರೂ, ಗ್ರೀಕ್ ಮೂಲದಲ್ಲಿ ಆಪತ್ತು, ಕಷ್ಟ, ನಾಶಗಳಿಗೆ ಇರುವ ಪದಗಳನ್ನು ಗುರುತು ಹಾಕಿಕೊಂಡು, ಕನ್ನಡದಲ್ಲಿ ಅವಕ್ಕೆ ಜೋಡಿ ಹುಡುಕುತ್ತಿದ್ದೇನೆ. ಯಾರಿಗಾದರೂ ಆಗಬಹುದಾದ ಆಪತ್ತನ್ನು ಹೇಳುವ ‘ಆಸೋನ್’ ಎಂಬ ಪದಕ್ಕೆ ಮಾತ್ರ ಸರಿಯಾದ ಜೋಡಿ ಸಿಕ್ಕಿಲ್ಲ, ಅದನ್ನು ಕೊನೆಗೆ ಕೇಳುತ್ತೇನೆ. ಎಲ್ಲಕ್ಕೂ ‘ವಿಪತ್ತು’ ಅಂತ ಬರೆದುಬಿಟ್ಟರೆ ಕೆಲಸ ಸುಲಭ. ಆದರೆ ಹಾಗೆ ಮಾಡಿದರೆ ತುಂಬಾ ಕಳೆದುಹೋಗುತ್ತದೆ.

ಮೊದಲು ‘ರಾಆ’. ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ಪದ. ಮನುಷ್ಯ ಮಾಡುವ ಕೆಟ್ಟತನಕ್ಕೂ ಇದೇ ಪದ, ಮನುಷ್ಯನ ಮೇಲೆ ಬಂದು ಬೀಳುವ ಆಪತ್ತಿಗೂ ಇದೇ. ನಿನೆವೆ ಎಂಬ ಊರಿಗೆ ದೇವರು ಕಳಿಸಿದ ಪ್ರವಾದಿ ಯೋನನ ಪುಸ್ತಕ ಇರುವುದು ನಾಲ್ಕೇ ಅಧ್ಯಾಯ. ಅದರಲ್ಲಿ ಈ ಪದ ಸುತ್ತಿ ಸುತ್ತಿ ಬರುತ್ತದೆ. ನಿನೆವೆಯವರ ದುಷ್ಟತನ ರಾಆ (1:2). ಹಡಗಿಗೆ ಬಂದ ಆಪತ್ತು ರಾಆ (1:7). ಜನ ತಮ್ಮ ರಾಆದ ದಾರಿ ಬಿಟ್ಟರು, ದೇವರು ತಾನು ತರುತ್ತೇನೆ ಎಂದಿದ್ದ ರಾಆ ಕೈಬಿಟ್ಟ. ಇವೆರಡೂ ಒಂದೇ ವಚನದಲ್ಲಿವೆ (3:10). ಅದನ್ನು ನೋಡಿ ಯೋನನಿಗಾದ ಬೇಸರವೂ ರಾಆ (4:1). ಒಂದೊಂದು ಕಡೆ ಒಂದೊಂದು ಪದ ಹಾಕಿದರೆ ಈ ಹೆಣಿಗೆ ಬಿಚ್ಚಿಹೋಗುತ್ತದೆ, ಅಲ್ವಾ?

ಇಲ್ಲಿ ನಮ್ಮ ‘ಕೆಡು’ ಎಷ್ಟು ಚೆನ್ನಾಗಿ ಕೈಹಿಡಿಯುತ್ತದೆ ನೋಡಿ. ಅವರು ಕೆಟ್ಟ ದಾರಿ ಬಿಟ್ಟರು, ದೇವರು ಕೇಡು ತರುವುದನ್ನು ಬಿಟ್ಟ, ಯೋನನ ಮನಸ್ಸು ಕೆಟ್ಟಿತು. ಮೂರೂ ಒಂದೇ ಬೇರಿನಿಂದ ಬಂದವು. ಯಾವುದನ್ನೂ ಎಳೆದು ತಂದಂತೆ ಅನಿಸುವುದಿಲ್ಲ. ಯೆಶಾಯ 45:7ರಲ್ಲೂ ಹೀಗೇ. ‘ಶಾಲೋಮ್ ಮಾಡುವವನೂ ರಾ ಸೃಷ್ಟಿಸುವವನೂ ನಾನೇ’ ಎಂದು ದೇವರು ಹೇಳುವ ವಚನ ಅದು (‘ರಾ’ ಎಂಬುದು ರಾಆದ ಇನ್ನೊಂದು ರೂಪ). 1611ರ ಇಂಗ್ಲಿಷ್ ಅನುವಾದದಲ್ಲಿ ಅಲ್ಲಿ ‘ಈವಿಲ್’ ಎಂದಿದೆ. ಹಾಗಾದರೆ ಪಾಪವನ್ನು ಸೃಷ್ಟಿಸಿದವನೂ ದೇವರೇನಾ ಎಂಬ ಪ್ರಶ್ನೆ ಅದನ್ನು ಓದಿದವರಿಗೆ ಏಳುತ್ತದೆ. ಆದರೆ ಅಲ್ಲಿ ರಾ ಎದುರಿಗೆ ನಿಂತಿರುವುದು ಶಾಲೋಮ್, ಅಂದರೆ ನೆಮ್ಮದಿ, ಕ್ಷೇಮ. ಹಾಗಾಗಿ ‘ಕೇಡು’ ಎಂದರೆ ಸಾಕು. ಮಳೆ ಬಾರದೆ ಬೆಳೆ ಕೆಟ್ಟಿತು ಎನ್ನುವಾಗ ನಾವು ಯಾರ ಮೇಲೂ ತಪ್ಪು ಹೊರಿಸುವುದಿಲ್ಲವಲ್ಲ.

ಗ್ರೀಕಿನ ‘ಕಕಿಯ’ ಕೂಡ ಈ ಜಾತಿಯದೇ. ಹೊಸ ಒಡಂಬಡಿಕೆಯಲ್ಲಿ ಸಾಮಾನ್ಯವಾಗಿ ಅದಕ್ಕೆ ಕೆಟ್ಟತನ, ಹಗೆತನ ಎಂಬ ಅರ್ಥ. ಮತ್ತಾಯ 6:34ರಲ್ಲಿ ಮಾತ್ರ ದಿನದಿನದ ಕಷ್ಟ. ಅಲ್ಲಿ ನನಗೆ ‘ಪಾಡು’ ಇಷ್ಟ. ಆವತ್ತಿನ ಪಾಡು ಆವತ್ತಿಗೆ ಸಾಕು.

ಇನ್ನು ‘ತ್ಸಾರಾ’. ಇದರ ಬೇರಿನಲ್ಲಿರುವ ಅರ್ಥ ಕಿರಿದು, ಇಕ್ಕಟ್ಟು. ಕೀರ್ತನೆ 118:5ರಲ್ಲಿ ಭಕ್ತ ಇಕ್ಕಟ್ಟಿನೊಳಗಿಂದ ಕೂಗುತ್ತಾನೆ, ದೇವರು ಅವನಿಗೆ ವಿಶಾಲವಾದ ಜಾಗದಲ್ಲಿ ಉತ್ತರ ಕೊಡುತ್ತಾನೆ. ಗ್ರೀಕಿನಲ್ಲಿ ‘ಥ್ಲಿಪ್ಸಿಸ್’ ಎಂದರೆ ಒತ್ತುವುದು, ಅದುಮುವುದು. ಜನ ಯೇಸುವಿನ ಮೈಮೇಲೆ ನುಗ್ಗದಿರಲಿ ಎಂದು ದೋಣಿ ಸಿದ್ಧ ಮಾಡಿಸುವ ಕಡೆ (ಮಾರ್ಕ 3:9) ಬರುವುದು ಅದೇ ಬೇರಿನ ಕ್ರಿಯಾಪದ. ರೋಮಾಪುರದವರಿಗೆ ಬರೆದ ಪತ್ರದ 8:35ರಲ್ಲಿ ಅದರ ಪಕ್ಕದಲ್ಲೇ ‘ಸ್ಟೆನೊಖೋರಿಯ’ ಇದೆ. ಬಿಡಿಸಿದರೆ ‘ಕಿರಿದಾದ ಜಾಗ’. ನಮ್ಮ ‘ಇಕ್ಕಟ್ಟು’ ಈ ಎರಡೂ ಅರ್ಥವನ್ನು ಹಾಗೇ ಹೊತ್ತಿದೆ. ಇಕ್ಕಟ್ಟಾದ ಓಣಿಯೂ ಉಂಟು, ಇಕ್ಕಟ್ಟಿಗೆ ಸಿಕ್ಕಿಬಿದ್ದ ಮನುಷ್ಯನೂ ಉಂಟು. ಇನ್ನೂ ಸಂತೋಷದ ಸಂಗತಿ ಅಂದರೆ, ಸಂಸ್ಕೃತದಲ್ಲಿ ‘ಸಂಕಟ’ಕ್ಕೂ ಕಿರಿದು, ಇಕ್ಕಟ್ಟು ಎಂಬ ಅರ್ಥವಿದೆ. ಸಂಕಟ ಬಂದಾಗ ವೆಂಕಟರಮಣ ಎನ್ನುವಾಗ ಆ ಕಿರಿದಾದ ಜಾಗ ನಮ್ಮ ನೆನಪಿಗೇ ಬರುವುದಿಲ್ಲ. (ಅದೇ ಅಕ್ಷರಗಳ ಇನ್ನೊಂದು ‘ತ್ಸಾರಾ’ ಇದೆ, ಅದರ ಅರ್ಥ ಸವತಿ. 1 ಸಮುವೇಲ 1:6ರಲ್ಲಿ ಹನ್ನಳ ಸವತಿಗೆ ಆ ಪದ ಬಂದಿದೆ.)

‘ಶೋಆ’ ಬಗ್ಗೆ ಒಂದೇ ಮಾತು. ಯೆಶಾಯ 47:11ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಮೇಲೆ ಆಪತ್ತಿನ ಪದಗಳಾದ ರಾಆ, ಹೋವಾ, ಶೋಆ ಮೂರೂ ಒಂದರ ಹಿಂದೆ ಒಂದು ಬರುತ್ತವೆ. ಶೋಆ ಎಂದರೆ ತಟ್ಟನೆ ಬಂದು ಎಲ್ಲವನ್ನೂ ಹಾಳುಗೆಡವುವ ನಾಶ. ನಾಜಿಗಳು ನಡೆಸಿದ ಯೆಹೂದ್ಯರ ಸಾಮೂಹಿಕ ಕೊಲೆಗೆ ಇಂದಿನ ಹೀಬ್ರೂವಿನಲ್ಲಿ ಇದೇ ಹೆಸರು. ಹಾಗಾಗಿ ಈ ಪದವನ್ನು ಕನ್ನಡಿಸುವಾಗ ಸುಮ್ನೆ ಒಂದು ಪದ ಹಾಕಲು ನನಗೆ ಕೈ ಬರುವುದಿಲ್ಲ.

ಈಗ ನನ್ನ ಪ್ರಶ್ನೆ. ‘ಆಸೋನ್’ ಹಳೆ ಒಡಂಬಡಿಕೆಯಲ್ಲಿ ಬರುವುದು ಐದೇ ಸಲ. ಮೂರು ಸಲ ಆದಿಕಾಂಡದಲ್ಲಿ (42:4, 42:38, 44:29). ಕಿರಿಯ ಮಗ ಬೆನ್ಯಾಮೀನನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕಳಿಸಲು ಯಾಕೋಬನಿಗೆ ಭಯ, ದಾರಿಯಲ್ಲಿ ಮಗನಿಗೆ ಆಸೋನ್ ಆದರೆ ಎಂದು. ಎರಡು ಸಲ ವಿಮೋಚನಕಾಂಡದಲ್ಲಿ (21:22, 23). ಗಂಡಸರ ಜಗಳದಲ್ಲಿ ಬಸುರಿಗೆ ಏಟು ಬಿದ್ದಾಗ ಆಸೋನ್ ಆಗದಿದ್ದರೆ ದಂಡ, ಆಸೋನ್ ಆದರೆ ಪ್ರಾಣಕ್ಕೆ ಪ್ರಾಣ.

ಯಾಕೋಬನ ಮಾತನ್ನು ಓದಿದಾಗಲೆಲ್ಲ ನನ್ನ ಕಿವಿಯಲ್ಲಿ ಕೇಳುವುದು ಮನೆಯ ಹಿರಿಯರ ದನಿ. ‘ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?’ ಸಾವು ಎಂಬ ಪದವನ್ನು ಬಾಯಲ್ಲಿ ತರಲಾರದ ತಂದೆಯ ಮಾತು ಅದು. ‘ದುರಂತ’, ‘ಅನಾಹುತ’ ಹಾಕಿದರೆ ಆ ಅಂಜಿಕೆ ಉಳಿಯುವುದಿಲ್ಲ. ಆದರೆ ಕಾನೂನಿನ ವಚನಕ್ಕೆ ‘ಹೆಚ್ಚುಕಮ್ಮಿ’ ತೀರಾ ಸಡಿಲ. ಹಳೆಯ ಗ್ರೀಕ್ ಅನುವಾದಕರೂ ಎರಡು ಕಡೆ ಒಂದೇ ಪದ ಇಡಲಿಲ್ಲ. ಆದಿಕಾಂಡದಲ್ಲಿ ಕಾಯಿಲೆ ಎಂಬರ್ಥದ ‘ಮಲಕಿಯ’ ಬಳಸಿದರು. ವಿಮೋಚನಕಾಂಡದಲ್ಲಿ ವಾಕ್ಯವನ್ನೇ ತಿರುಗಿಸಿ, ಶಿಶುವಿಗೆ ರೂಪ ಮೂಡಿತ್ತೇ ಇಲ್ಲವೇ ಎಂದು ಕೇಳಿದರು.

ಐದೂ ಕಡೆ ನಿಲ್ಲುವ ಒಂದೇ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ‘ಅವಘಡ’ ಹತ್ತಿರ ಬರುತ್ತದೆ, ಆದರೆ ಮನೆಮಾತಿನಲ್ಲಿ ಅದನ್ನು ನಾನು ಕೇಳಿದ್ದು ಕಡಿಮೆ. ಮಕ್ಕಳನ್ನು ದೂರದೂರಿಗೆ ಕಳಿಸುವಾಗ ನಿಮ್ಮ ಮನೆಯಲ್ಲಿ ಹಿರಿಯರು ಈ ಭಯವನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದರು, ದಯವಿಟ್ಟು ಬರೆಯಿರಿ.