ಅಪ್‌ಡೇಟ್: ಕೀಟ್ಸನ 'ಟು ಆಟಮ್' ಛಂದಸ್ಸು

ಇಂಗ್ಲಿಷ್ ಕವಿ ಕೀಟ್ಸನ ಈ ಶರತ್ಕಾಲದ ಕವಿತೆಯಲ್ಲಿ ಚರಣಕ್ಕೆ 11 ಸಾಲು ಏಕೆ, ಮೊದಲ ಸಾಲೇ ಐಯಾಂಬಿಕ್ ನಡೆಗೆ (ಒತ್ತಿಲ್ಲದ್ದರ ಹಿಂದೆ ಒತ್ತಿನ ಉಚ್ಚಾರಾಂಶ ಬರುವ ಐಯಾಂಬ್ ಗಣ, ಸಾಲಿಗೆ ಐದು) ಏಕೆ ಒಗ್ಗುವುದಿಲ್ಲ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಎರಡೂ ಬಗೆಹರಿದಿವೆ.

ನಡೆಯ ತೊಡಕಿಗೆ ಕಾರಣ ಗುರು-ಲಘು ಎಣಿಕೆ. ಇಂಗ್ಲಿಷಿನಲ್ಲಿ ನೋಡಬೇಕಾದ್ದು ಮಾತ್ರೆಯಲ್ಲ, ಒತ್ತು. 'ಸೀಸನ್ ಆಫ್ ಮಿಸ್ಟ್ಸ್ ಅಂಡ್ ಮೆಲೋ ಫ್ರೂಟ್‌ಫುಲ್‌ನೆಸ್' ಎಂಬ ಮೊದಲ ಸಾಲಿನಲ್ಲಿ ಒತ್ತು 'ಸೀ' ಮೇಲೆ, ಆಮೇಲೆ 'ಮಿಸ್ಟ್ಸ್' ಮೇಲೆ. ಅಂದರೆ ಮೊದಲ ಗಣ ಮಾತ್ರ ತಿರುವುಮುರುವಾದ ಟ್ರೋಕಿ (ಒತ್ತು ಮೊದಲು ಬರುವ ಗಣ), ಉಳಿದ ನಾಲ್ಕು ಐಯಾಂಬ್. ಕೊನೆಯ 'ನೆಸ್' ಮೇಲಿನ ಒತ್ತು ತೀರಾ ಹಗುರ, ಆದರೂ ಲೆಕ್ಕಕ್ಕುಂಟು.

ಸಾಲಿನ ಕೊನೆಯ ಪ್ರಾಸ (ಒಂದೇ ಅಕ್ಷರ ಅಂದರೆ ಒಂದೇ ಪ್ರಾಸ): ಮೊದಲ ಚರಣ ಅಬಅಬ ಕಡಇಡಕಕಇ, ಉಳಿದೆರಡು ಅಬಅಬ ಕಡಇಕಡಡಇ. ಇಂಗ್ಲಿಷ್ ಕಾಗುಣಿತ ನೋಡಿ ಗುರುತು ಹಾಕಬೇಡಿ, ಗಟ್ಟಿಯಾಗಿ ಓದಿ. 'ಫೈಂಡ್' ಜೊತೆ ಬರುವ 'ವಿಂಡ್' ಇಂದಿನ ಉಚ್ಚಾರಕ್ಕೆ ಕೂಡದು, ಕಾವ್ಯರೂಢಿಯಲ್ಲಿ ಅದು ಪ್ರಾಸವೇ.

ಹೆಚ್ಚುವರಿ ಸಾಲಿನ ವಿಷಯವೇ ನನಗೆ ಬಲು ಇಷ್ಟವಾದದ್ದು. ಕೀಟ್ಸನದೇ ಇನ್ನೊಂದು ಕವಿತೆ 'ಗ್ರೀಷಿಯನ್ ಅರ್ನ್'ನಲ್ಲಿ ಚರಣಕ್ಕೆ 10 ಸಾಲು. ಇಲ್ಲಿ 9 ಮತ್ತು 10ನೇ ಸಾಲು ಜೋಡಿಪ್ರಾಸವಾಗಿ ಮುಗಿದಂತೆ ಕೇಳಿಸುತ್ತವೆ, ಆದರೆ 7ನೇ ಸಾಲಿನ ಪ್ರಾಸ ಇನ್ನೂ ಬಾಕಿ. ಅದು ಕೂಡುವುದು 11ರಲ್ಲಿ. ಮೊದಲ ಚರಣದಲ್ಲಿ 9, 10ನೇ ಸಾಲುಗಳ ಕೊನೆಯ 'ಬೀಸ್', 'ಸೀಸ್' ಆದಮೇಲೂ ಸುಗ್ಗಿ ನಿಲ್ಲದೆ ತುಂಬಿ ಹರಿಯುವುದು ಆ ಸಾಲಿನಿಂದಲೇ.