1904ರ ಕಾರಿಗೆ ವಿದ್ಯುತ್ ಸ್ಪೀಡೋಮೀಟರ್: ಡೈನಮೋ ಸರಿಯೋ, ಸುಳಿಪ್ರವಾಹ ಸರಿಯೋ?

ಹಳೇಗಾಡಿ: ಬ್ರಿಟನ್ನಿನಲ್ಲಿ 1904ರ ಜನವರಿಯಿಂದ ಗಂಟೆಗೆ 20 ಮೈಲಿಯ, ಅಂದರೆ ಸುಮಾರು 32 ಕಿ.ಮೀ.ನ ವೇಗಮಿತಿ ಬಂತು. ಹಾಗಾಗಿ ಮೀಟರ್ ಸರಿಯಾಗಿರಬೇಕಾದ್ದು ಮುಖ್ಯವಾಗಿ 32ರ ಆಸುಪಾಸಿನಲ್ಲಿ. ಆ ಕಾಲದ ಸಾಮಗ್ರಿಯಲ್ಲೇ ಮಾಡುವುದಾದರೆ ನನ್ನ ಆಯ್ಕೆ ಇದು: ಮುಂದಿನ ಚಕ್ರದ ಹತ್ತಿರ ಶಾಶ್ವತ ಅಯಸ್ಕಾಂತದ ಪುಟ್ಟ ಡೈನಮೋ, ಡ್ಯಾಶ್‌ಬೋರ್ಡಿನಲ್ಲಿ ಚಲಿಸುವ ಸುರುಳಿಯ ವೋಲ್ಟ್‌ಮೀಟರ್.

ಅಲ್ಯೂಮಿನಿಯಂಬಟ್ಟಲು: ಅಷ್ಟೆಲ್ಲ ಏಕೆ ಸರ್? ಸ್ಟ್ರಾಸ್‌ಬರ್ಗ್‌ನ ಓಟೋ ಶುಲ್ಟ್ಸೆ 1902ರಲ್ಲೇ ಸುಳಿಪ್ರವಾಹದ ಸ್ಪೀಡೋಮೀಟರಿಗೆ ಪೇಟೆಂಟ್ ತೆಗೆದುಕೊಂಡರು. ತಿರುಗುವ ಅಯಸ್ಕಾಂತ ಲೋಹದ ಬಟ್ಟಲಿನಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟಿಸಿ ಅದನ್ನು ಎಳೆಯುತ್ತದೆ, ಸ್ಪ್ರಿಂಗ್ ತಡೆಯುತ್ತದೆ. ಬ್ರಶ್ (ತಿರುಗುವ ಭಾಗಕ್ಕೆ ತಾಗಿ ವಿದ್ಯುತ್ ಒಯ್ಯುವ ತುಂಡು) ಇಲ್ಲ, ವಿದ್ಯುತ್ ತಂತಿ ಇಲ್ಲ. ಅಯಸ್ಕಾಂತವನ್ನು ತಿರುಗಿಸುವ ಬಾಗುವ ಕೇಬಲ್‌ನಿಂದಲೇ ಓಡೋಮೀಟರ್ (ದೂರಮಾಪಕ) ಕೂಡ ಓಡುತ್ತದೆ. ನಿಮ್ಮ ಡೈನಮೋಗೆ ದೂರ ಎಣಿಸಲು ಬೇರೆ ಕೌಂಟರ್ ಬೇಕು.

ಹಳೇಗಾಡಿ: ಓಡೋಮೀಟರ್ ವಿಷಯ ಒಪ್ಪಿದೆ. ಆದರೆ ಬಾಗಿದ ಕೇಬಲ್ ಎಣ್ಣೆಯಿಲ್ಲದೆ ಒಣಗಿದರೆ ತಿರುಚಿಕೊಂಡು ಬಿಡುತ್ತ ಹೋಗುತ್ತದೆ, ಮುಳ್ಳು ಕುಣಿಯುತ್ತದೆ. ಎರಡು ತಂತಿಗೆ ಆ ತೊಂದರೆ ಇಲ್ಲ.

ಲೆಕ್ಕ ಹೀಗಿದೆ. 760×90 ಟೈರಿನ (ಹೊರವ್ಯಾಸ 760 ಮಿ.ಮೀ.) ಸುತ್ತಳತೆ 2.39 ಮೀಟರ್, 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 419 ಸುತ್ತು. ಹಬ್‌ಗೆ 80 ಹಲ್ಲಿನ ಬಳೆ, ಡೈನಮೋಗೆ 20 ಹಲ್ಲಿನ ಪಿನಿಯನ್ ಕೊಟ್ಟರೆ 1,675 ಸುತ್ತು. 1,000 ಸುತ್ತಿಗೆ 2 ವೋಲ್ಟ್ ಬರುವಂತೆ ಸುತ್ತಿದರೆ 3.35 ವೋಲ್ಟ್. 10 ಮಿಲಿಆಂಪಿಯರಿಗೆ ಮುಳ್ಳು ತುದಿ ಮುಟ್ಟುವ ಮೀಟರಿಗೆ ಒಟ್ಟು ರೋಧ 335 ಓಮ್ ಸಾಕು. ಡೈನಮೋ ಮಾತ್ರ ಸ್ಟಬ್ ಆಕ್ಸಲ್ (ಸ್ಟಿಯರಿಂಗ್‌ನೊಂದಿಗೆ ಹೊರಳುವ, ಚಕ್ರ ಹೊತ್ತ ತುಂಡು ಆಕ್ಸಲ್) ಜೊತೆಗೇ ಹೊರಳುವಂತೆ ಕೂರಬೇಕು; ಮುಖ್ಯ ಆಕ್ಸಲ್‌ಗೆ ಬಿಗಿದರೆ ಸ್ಟಿಯರಿಂಗ್ ತಿರುಗಿಸಿದಾಗ ಹಲ್ಲು ಕಚ್ಚಿಕೊಳ್ಳುವುದಿಲ್ಲ.

ತಾಮ್ರತಂತಿ: ಆ 335 ಓಮ್ ಪೂರ್ತಿ ತಾಮ್ರವಾದರೆ ಕೆಟ್ಟಿತು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39 ಏರುತ್ತದೆ. 30 ಡಿಗ್ರಿ ಬಿಸಿಯಾದರೆ ಸುಮಾರು ಶೇ. 12 ಹೆಚ್ಚು, ಮೀಟರ್ ಸುಮಾರು ಶೇ. 10.5 ಕಡಿಮೆ ತೋರಿಸುತ್ತದೆ. ಆರ್ಮೇಚರ್ (ಡೈನಮೋದ ತಿರುಗುವ ಸುರುಳಿ) ಮತ್ತು ಮೀಟರ್ ಸುರುಳಿ ಸೇರಿ 35 ಓಮ್ ಇಟ್ಟು, ಉಳಿದ 300 ಓಮ್ ಮ್ಯಾಂಗನಿನ್‌ನಲ್ಲಿ (ಬಿಸಿಗೆ ರೋಧ ಹೆಚ್ಚುಕಡಿಮೆ ಬದಲಾಗದ ಮಿಶ್ರಲೋಹ) ಸುತ್ತಿ. ಆಗ ತಪ್ಪು ಶೇ. 1.2ಕ್ಕೆ ಇಳಿಯುತ್ತದೆ. ಬಟ್ಟಲಿನವರಿಗೂ ಇದೇ ಕಾಟ: ಅಲ್ಯೂಮಿನಿಯಂ ಬಿಸಿಯಾದರೆ ಸುಳಿಪ್ರವಾಹ ಕುಗ್ಗುತ್ತದೆ, ಅಲ್ಲಿ ಮ್ಯಾಂಗನಿನ್ ಸೇರಿಸಲು ಜಾಗವೇ ಇಲ್ಲ.

ಮೆಗ್ಗರ್: ಡೈನಮೋನೇ ಬಿಟ್ಟರೆ? ಚಕ್ರ ತಿರುಗಿದಂತೆ ಕೂಡಿ ಬಿಡುವ ಸ್ವಿಚ್ಚಿನಿಂದ 2 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸೆಕೆಂಡಿಗೆ 100 ಸಲ 6 ವೋಲ್ಟಿಗೆ ತುಂಬಿ ಖಾಲಿ ಮಾಡಿದರೆ 1.2 ಮಿಲಿಆಂಪಿಯರ್; ವೇಗ ಏರಿದಷ್ಟೂ ಅದು ಏರುತ್ತದೆ. ಡೈನಮೋದ ಅಯಸ್ಕಾಂತ ದುರ್ಬಲವಾಗುವ ಚಿಂತೆಯೇ ಇರುವುದಿಲ್ಲ.

ತಾಮ್ರತಂತಿ: ಮೂರು ಸೆಲ್ಲಿನ ಬ್ಯಾಟರಿ ತುಂಬಿದಾಗ 6.6, ಇಳಿದಾಗ 5.4 ವೋಲ್ಟ್. ಮುಳ್ಳು ಬ್ಯಾಟರಿಯ ಸ್ಥಿತಿ ತೋರಿಸುತ್ತದೆಯೇ ಹೊರತು ವೇಗವನ್ನಲ್ಲ. ಅಡ್ಡಸುರುಳಿಯ ಅನುಪಾತ ಮೀಟರ್ (ಎರಡು ಸುರುಳಿಗಳ ಪ್ರವಾಹದ ಅನುಪಾತವನ್ನಷ್ಟೇ ತೋರಿಸುವಂಥದ್ದು) ಹಾಕಿದರೆ ಅದು ಸರಿಹೋಗುತ್ತದೆ, ಆದರೆ ತೇವ ಕುಡಿದ ಪೇಪರ್ ಕೆಪಾಸಿಟರಿನ ಸೋರಿಕೆಗೆ ಆ ಮೀಟರಿನಲ್ಲಿ ಮದ್ದಿಲ್ಲ.

ಲೇತ್‌ಮೇಸ್ತ್ರಿ: ಬ್ರಶ್ ನುಂಗುವ ವೋಲ್ಟಿನ ಬಗ್ಗೆ ಯಾರೂ ಹೇಳಲಿಲ್ಲ, ಈ ವಿನ್ಯಾಸ ಕೈಕೊಡುವುದು ಅಲ್ಲೇ. ಹಳೇಗಾಡಿಯವರ ಲೆಕ್ಕದಲ್ಲಿ 1 ಕಿ.ಮೀ.ಗೆ ಸಿಗುವುದು 0.056 ವೋಲ್ಟ್. ಕಾರ್ಬನ್ ಬ್ರಶ್ 0.1 ವೋಲ್ಟ್ ನುಂಗಿದರೂ 1.8 ಕಿ.ಮೀ. ಕಡಿಮೆ ತೋರಿಸುತ್ತದೆ, 10 ಕಿ.ಮೀ. ವೇಗದಲ್ಲಿ ಅದು ಶೇ. 18 ತಪ್ಪು! ಕಮ್ಯುಟೇಟರ್ (ಬ್ರಶ್ ಉಜ್ಜುವ ತಿರುಗುವ ಉರುಳೆ) ಪಟ್ಟಿ ಬೆಳ್ಳಿಯದಿರಲಿ, ಬ್ರಶ್ ಬೆಳ್ಳಿಯ ಸ್ಪ್ರಿಂಗ್ ತಂತಿಯದಿರಲಿ. ಎಣ್ಣೆ ತಾಗದಂತೆ ಬೇರಿಂಗಿಗೆ ಫೆಲ್ಟ್ ವಾಷರ್ ಹಾಕಿ. ಪಟ್ಟಿಗಳು 12ಕ್ಕಿಂತ ಕಡಿಮೆಯಾದರೆ ನಿಧಾನ ವೇಗದಲ್ಲಿ ಮುಳ್ಳು ನಡುಗುತ್ತದೆ. ಮೀಟರಿಗೆ ಎರಡೂ ತಂತಿ ಬೇರೆ ಎಳೆಯಿರಿ, ಚಾಸಿಯನ್ನೇ ಒಂದು ತಂತಿಯಾಗಿ ಬಳಸಬೇಡಿ.

ಅಲ್ಯೂಮಿನಿಯಂಬಟ್ಟಲು: ಟಂಗ್‌ಸ್ಟನ್ ಉಕ್ಕಿನ ಅಯಸ್ಕಾಂತ ರಸ್ತೆಯ ಕುಲುಕಾಟಕ್ಕೆ ಶಕ್ತಿ ಕಳೆದುಕೊಳ್ಳುವುದಿಲ್ಲವೇ?

ಲೇತ್‌ಮೇಸ್ತ್ರಿ: ಹೊಸದನ್ನು ಹಾಗೇ ಕೂರಿಸಿದರೆ ಖಂಡಿತ ಕಳೆದುಕೊಳ್ಳುತ್ತದೆ. ಅಯಸ್ಕಾಂತ ಮಾಡಿದ ಮೇಲೆ ಕೆಲವು ಗಂಟೆ ಕುದಿಯುವ ನೀರಿನಲ್ಲಿಟ್ಟು, ತಣಿಸಿ, ಮತ್ತೆ ಕಾಯಿಸಿ. ಆಮೇಲೆ ಎಸಿ ಸುರುಳಿಯಲ್ಲಿ ಶೇ. 5ರಿಂದ 10ರಷ್ಟು ಬಲ ಬೇಕೆಂದೇ ಇಳಿಸಿ. ಕೀಪರ್ (ಧ್ರುವಗಳನ್ನು ಸೇರಿಸುವ ಕಬ್ಬಿಣದ ತುಂಡು) ಇಡದೆ ಆರ್ಮೇಚರ್ ಹೊರಗೆಳೆದರೆ ಇಷ್ಟೂ ಶ್ರಮ ವ್ಯರ್ಥ.

ಟೈರನ್ನು ಕಾರಿನ ಭಾರದಡಿ 10 ಸುತ್ತು ಉರುಳಿಸಿ ಅಳೆಯಿರಿ, ಲೆಕ್ಕದ 23.9 ಮೀಟರಿಗಿಂತ ಕಡಿಮೆಯೇ ಬರುತ್ತದೆ. ಆ ಅಳತೆಯಿಂದ 32 ಕಿ.ಮೀ.ಗೆ ಬೇಕಾದ ಸುತ್ತು ತೆಗೆದು, ಡೈನಮೋವನ್ನು ಲೇತಿನಲ್ಲಿ ಅಷ್ಟಕ್ಕೆ ಓಡಿಸಿ ಮ್ಯಾಂಗನಿನ್ ತಂತಿ ಕತ್ತರಿಸಿ ಹೊಂದಿಸಿ. ಮತ್ತೆ 10 ಮತ್ತು 50ರಲ್ಲೂ ನೋಡಿ. ಮೂರೂ ಕಡೆ ಒಂದೇ ಶೇಕಡಾ ಕಡಿಮೆಯಾದರೆ ಅಯಸ್ಕಾಂತ ಸೊರಗಿದೆ, ಇಲ್ಲವೇ ಎಲ್ಲೋ ರೋಧ ಏರಿದೆ. ಮೂರೂ ಕಡೆ ಒಂದೇ ಕಿ.ಮೀ. ಕಡಿಮೆಯಾದರೆ ಮೊದಲು ಮುಳ್ಳಿನ ಸೊನ್ನೆ ನೋಡಿ, ಆಮೇಲೆ ಬ್ರಶ್ ಒರೆಸಿ.