[ಪದಚರ್ಚೆ] ‘ವಿಷಪೂರಿತ ಕಪ್ಪೆಗಳು’ ಸರಿಯೇ? ಫಲಕಕ್ಕೆ ತುರ್ತಾಗಿ ಬೇಕು

ನಮಸ್ಕಾರ. ಬೆಂಗಳೂರಿನ ವೃಷಭಾವತಿ ಕಣಿವೆಯ ಕೆರೆಯೊಂದರ ಏರಿ ಮೇಲೆ ಹಾಕುವ ಫಲಕದ ಬರಹವನ್ನು ನಾಳೆ ಸಂಜೆಯೊಳಗೆ ಕೊಡಬೇಕು. ಮೂರು ಸಾಲು, ಸಾಲಿಗೆ ಐದು ಪದ ದಾಟುವಂತಿಲ್ಲ. ಕರಡಿನಲ್ಲಿ ‘ಭಾರಲೋಹಗಳಿಂದ ವಿಷಪೂರಿತ ಕಪ್ಪೆಗಳು’ ಎಂದಿದೆ (ಭಾರಲೋಹ ಎಂದರೆ ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹ). ಓದಿದವರು ಕಪ್ಪೆಯೇ ವಿಷದ್ದೆಂದು ಕಲ್ಲು ಹೊಡೆದಾರು ಎಂಬ ಭಯ. ‘ವಿಷಬಾಧಿತ’ ಆದೀತೇ?

ಮರು 1
ನಿಮ್ಮ ಭಯ ಸರಿ. ಪೂರಿತ ಎಂದರೆ ತುಂಬಿದ್ದು. ನೆಲಗಪ್ಪೆಗೆ ಕಣ್ಣಿನ ಹಿಂದೆ ಸ್ವಂತ ವಿಷಗ್ರಂಥಿ ಇದ್ದೇ ಇದೆ, ಆದ್ದರಿಂದ ಜನ ಅದನ್ನೇ ತಿಳಿಯುತ್ತಾರೆ. ‘ಬಾಧಿತ’ ನಡೆಯುತ್ತದೆ. ನಡೆಯದ್ದು ‘ಭಾರಲೋಹ’. ಭಾರ ನಾಮಪದ, ವಿಶೇಷಣವಲ್ಲ. ‘ಗುರುಲೋಹ’ ಎನ್ನಿ, ಸಂಸ್ಕೃತದಲ್ಲಿ ಗುರು ಎಂದರೆ ಭಾರವಾದದ್ದು.

ಮರು 2
‘ಗುರುಲೋಹ’ ಎಂದರೆ ಕೆರೆಯ ಬಳಿ ಯಾರಿಗೂ ತಿಳಿಯದು. ‘ಭಾರ ಸಾಮಾನು’ ಎಂದು ದಿನವೂ ಆಡುವ ಜನಕ್ಕೆ ಸಂಸ್ಕೃತದ ಪಾಠ ಬೇಡ. ವಿಷಕ್ಕೂ ನಮ್ಮದೇ ‘ನಂಜು’ ಇದೆ: ‘ಲೋಹನಂಜು’.

ಮರು 1
> ಲೋಹನಂಜು
ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಮುಂದಕ್ಕೆ ಹೋಗೋಣ.

ಮರು 3
ಸಮಾಸ ಬಿಡಿ, ಅರ್ಥ ನೋಡಿ. ಗಾಯ ಕೀವುಗಟ್ಟಿದರೆ ‘ನಂಜಾಗಿದೆ’ ಎನ್ನುತ್ತೇವೆ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಬೇರೆಯೇ ಇದೆ. ‘ನಂಜು’ ಎಂದರೆ ಓದುಗರು ಸೋಂಕೆಂದು ತಿಳಿಯುತ್ತಾರೆ, ಕೊಳಚೆ ಬಿಟ್ಟವರು ತಪ್ಪಿಸಿಕೊಳ್ಳುತ್ತಾರೆ.

‘ಬಾಧಿತ’ವೂ ಸಪ್ಪೆ, ಏನಾಗುತ್ತದೆಂದು ಹೇಳುವುದಿಲ್ಲ. ಲೋಹ ನೀರಿಗಿಂತ ಹೂಳಿಗೆ ಹೆಚ್ಚು ಅಂಟಿಕೊಳ್ಳುತ್ತದೆ. ಗೊದಮೊಟ್ಟೆ, ಅಂದರೆ ಬಾಲವಿರುವ ಕಪ್ಪೆಮರಿ, ಹೂಳನ್ನೂ ಪಾಚಿಯನ್ನೂ ಕೆರೆದು ತಿನ್ನುವ ಜೀವಿ, ಹೀಗಾಗಿ ಲೋಹ ಬಾಯಿಂದಲೂ ಕಿವಿರಿಂದಲೂ ತೊಗಲಿನಿಂದಲೂ ಒಳಹೋಗುತ್ತದೆ. ಕ್ಯಾಡ್ಮಿಯಂ ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ನುಗ್ಗುತ್ತದೆ. ತಾಮ್ರ ಮೈಗೆ ಸೋಡಿಯಂ ಸೇರದಂತೆ ತಡೆಯುತ್ತದೆ. ನೀರು ಗಡುಸಾಗಿದ್ದರೆ ಪೆಟ್ಟು ಕಡಿಮೆ, ಮೆದುವಾಗಿ ಹುಳಿಯಾಗಿದ್ದರೆ ಹೆಚ್ಚು. ಬಾಲ, ಬೆನ್ನು ಸೊಟ್ಟಗಾಗುತ್ತವೆ. ಬಾಯಿಯ ಸಾಲುಹಲ್ಲು ಸರಿಯಾಗಿ ಮೂಡದಿದ್ದರೆ ಮೇವು ಕೆರೆಯಲಾಗದು. ಬೆಳವಣಿಗೆ ತಡವಾಗಿ, ಕಾಲು ಮೂಡುವ ಮೊದಲೇ ಹೊಂಡ ಬತ್ತಿದರೆ ಅಲ್ಲಿಗೆ ಮುಗಿಯಿತು. ಭ್ರೂಣಗಳನ್ನು 96 ಗಂಟೆ ಆ ನೀರಿನಲ್ಲಿಟ್ಟು ನೋಡುವ ಪರೀಕ್ಷೆಯಲ್ಲಿ ಸಾವು, ವಿಕಾರ, ಬೆಳವಣಿಗೆ ಮೂರನ್ನೂ ಬೇರೆಬೇರೆ ಲೆಕ್ಕ ಹಾಕುವುದು ಇದಕ್ಕೇ. ಇಷ್ಟನ್ನೂ ಒಂದು ‘ಬಾಧಿತ’ದಲ್ಲಿ ತುರುಕಬೇಡಿ. ಕ್ರಿಯಾಪದ ಬಳಸಿ, ಚತುರ್ಥಿ (‘ಗೆ’ ಪ್ರತ್ಯಯ) ಹಚ್ಚಿ: ‘ಗೊದಮೊಟ್ಟೆಗೆ ವಿಷವೇರುತ್ತದೆ’. ಹಾವು ಕಚ್ಚಿದಾಗ ಎಲ್ಲರೂ ಆಡುವ ಮಾತು. ವಿಷ ಹೊರಗಿನಿಂದ ಬಂದದ್ದೆಂದು ತಾನಾಗಿ ತಿಳಿಯುತ್ತದೆ.

ಮರು 2
ಹಾವಿನ ವಿಷ ಗಳಿಗೆಯಲ್ಲಿ ಏರುತ್ತದೆ, ಸೀಸ ತಿಂಗಳುಗಟ್ಟಲೆ ಸೇರುತ್ತದೆ. ‘ಮೈಗೂಡುತ್ತದೆ’ ಎನ್ನಿ. ಮತ್ತೆ ಆ ‘ಕ್ಯಾಡ್ಮಿಯಂ’ಗೆ ಕನ್ನಡ ಹುಡುಕುವವರು ಯಾರೂ ಇಲ್ಲವೇ?

ಮರು 3
‘ಮೈಗೂಡು’ ಒಳ್ಳೆಯದಕ್ಕೆ: ಶಿಸ್ತು ಮೈಗೂಡುತ್ತದೆ, ಸೀಸ ಅಲ್ಲ. ‘ಮೈಸೇರು’ ಆಗಬಹುದು. ಕ್ಯಾಡ್ಮಿಯಂ ಹಾಗೆಯೇ ಇರಲಿ. ಧಾತುವಿನ ಹೆಸರನ್ನು ಬದಲಿಸಿದರೆ ನೀರಿನ ಪರೀಕ್ಷೆಯ ವರದಿಯೊಂದಿಗೆ ತಾಳೆ ನೋಡುವುದು ಹೇಗೆ? ಎರವಲು ಬೇಡವೆಂದರೆ ‘ಲೋಹ’ವನ್ನೂ ‘ಸೀಸ’ವನ್ನೂ ಬಿಡಬೇಕಾಗುತ್ತದೆ, ಎರಡೂ ಸಂಸ್ಕೃತದಿಂದ ಬಂದವು.

ಮರು 1
ಸಂಸ್ಕೃತದ ‘ಲೋಹ’ ಮೊದಲು ಕೆಂಪು, ತಾಮ್ರ, ಆಮೇಲೆ ಕಬ್ಬಿಣ. ತಾಮ್ರ, ಕಬ್ಬಿಣದಂಥ ಎಲ್ಲಕ್ಕೂ ಹರಡಿದ್ದು ಅದರ ನಂತರ. ಈ ಹಿನ್ನೆಲೆ ತಿಳಿದೇ ಪದ ಕಟ್ಟಬೇಕು ಎನ್ನುವುದು ನನ್ನ ವಾದ.

ಪ್ರಶ್ನೆ ಕೇಳಿದವರು
ವಂದನೆಗಳು. ಹೀಗೆ ಕಳಿಸುತ್ತಿದ್ದೇನೆ:

ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಸೇರಿವೆ.
ಗೊದಮೊಟ್ಟೆಗಳಿಗೆ ವಿಷವೇರುತ್ತಿದೆ.
ಕೊಳಚೆ ಬಿಡಬೇಡಿ, ಕಪ್ಪೆ ಹೊಡೆಯಬೇಡಿ.

ಭಾರಲೋಹ, ಗುರುಲೋಹ ಎರಡನ್ನೂ ಕೈಬಿಟ್ಟೆ. ಲೋಹಗಳ ಹೆಸರೇ ಇರುವಾಗ ಗುಂಪಿನ ಹೆಸರು ಬೇಕಾಗಲಿಲ್ಲ.

ಮರು 1
ಫಲಕಕ್ಕೆ ಸರಿ. ಪಠ್ಯಪುಸ್ತಕಕ್ಕೆ ‘ಗುರುಲೋಹ’ವೇ.